ಮಧುಮಾಲತಿ ಸೊಂಪಾಗಿ ಹಬ್ಬಿದೆ, ಹೂ ಮಾತ್ರ ಬಿಡುತ್ತಿಲ್ಲ: ಏನು ಮಾಡಬೇಕು?

ಬಾಲ್ಕನಿತೋಟ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮನೆಯ ಬಾಲ್ಕನಿಯಲ್ಲಿ ಒಂದು ದೊಡ್ಡ ಕುಂಡದಲ್ಲಿ ಮಧುಮಾಲತಿಯನ್ನು ಬೆಳೆಸುತ್ತಿದ್ದೇನೆ. ಕೆಲವರು ಇದನ್ನು ರಂಗೂನ್ ಬಳ್ಳಿ ಎಂದೂ ಕರೆಯುತ್ತಾರೆ. ನರ್ಸರಿಯಿಂದ ತಂದಾಗ ಪುಟ್ಟ ಗಿಡದ ತುದಿಯಲ್ಲಿ ಬಿಳಿ, ಗುಲಾಬಿ, ಕೆಂಪು ಮೂರೂ ಬಣ್ಣದ ಹೂಗಳಿದ್ದ ಒಂದು ಗೊಂಚಲಿತ್ತು. ಅದನ್ನು ನೋಡಿ ಮನಸೋತೇ ತಂದದ್ದು. ಆ ಗೊಂಚಲು ಉದುರಿದ ಮೇಲೆ ಬಳ್ಳಿ ಬೆಳೆದದ್ದೇ ಬೆಳೆದದ್ದು. ಗೋಡೆಗೆ ಕಟ್ಟಿದ ಬಲೆಯನ್ನು ಹಿಡಿದು ಈಗ ನೇರವಾಗಿ ಚಾವಣಿಯವರೆಗೆ ಏರಿ ನಿಂತಿದೆ. ಎಲೆಗಳು ಅಗಲವಾಗಿ, ಕಡುಹಸಿರಾಗಿ ಇವೆ, ಹುಳುವಿನ ಕಾಟ ಎಲ್ಲಿಯೂ ಕಾಣುವುದಿಲ್ಲ. ಆದರೆ ಆಮೇಲೆ ಒಂದು ಮೊಗ್ಗನ್ನೂ ಕಂಡಿಲ್ಲ.

ಬಳ್ಳಿಯ ಸ್ಥಿತಿಯನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಕಾರಣ ಅದರಲ್ಲೇ ಎಲ್ಲೋ ಇದ್ದೀತು. ಕುಂಡ ಸುಮಾರು 40 ಸೆಂಟಿಮೀಟರ್ ಅಗಲ, ಅಷ್ಟೇ ಆಳ. ಅದರಲ್ಲಿರುವುದು ತೋಟದ ಮಣ್ಣು, ಎಲೆಗೊಬ್ಬರ ಮತ್ತು ತೆಂಗಿನ ನಾರಿನ ಪುಡಿಯ ಮಿಶ್ರಣ. ಬಾಲ್ಕನಿ ಪೂರ್ವಕ್ಕೆ ಮುಖ ಮಾಡಿದೆ. ಬೆಳಗಿನ ಬಿಸಿಲು ಸುಮಾರು ಮೂರು ಗಂಟೆ ಸಿಗುತ್ತದೆ, ಅದೂ ಕಟಕಟೆಯ ಹತ್ತಿರ ಚೆನ್ನಾಗಿ ಬೀಳುತ್ತದೆ, ಬಲೆ ಇರುವ ಒಳಗೋಡೆಯ ಮೇಲೆ ಓರೆಯಾಗಿ ಬಿದ್ದು ಬೇಗ ಸರಿದುಹೋಗುತ್ತದೆ. ಹದಿನೈದು ದಿನಕ್ಕೊಮ್ಮೆ ಸಗಣಿ ಗೊಬ್ಬರದ ತಿಳಿಯನ್ನೂ ನಡುನಡುವೆ ನೀರಿನಲ್ಲಿ ಕರಗಿಸಿದ ಯೂರಿಯಾವನ್ನೂ ಕೊಡುತ್ತೇನೆ. ನೀರು ಪ್ರತಿದಿನ. ಕಟಕಟೆ ದಾಟಿ ಹೊರಕ್ಕೆ ಚಾಚುವ ಕುಡಿಗಳು ನೋಡಲು ಅಡ್ಡಾದಿಡ್ಡಿಯಾಗಿ ಕಾಣುವುದರಿಂದ ಅವುಗಳನ್ನು ಆಗಾಗ ಕತ್ತರಿಸಿ ಬಳ್ಳಿಯನ್ನು ಓರಣವಾಗಿ ಇಟ್ಟಿದ್ದೇನೆ.

ಹೂ ಬರಿಸುವ ಗೊಬ್ಬರವೆಂದು ಮಾರುವ, ರಂಜಕ ಹೆಚ್ಚಿರುವ ಪುಡಿಯನ್ನು ಹಾಕಿ ನೋಡಬೇಕೇ, ಇನ್ನೂ ದೊಡ್ಡ ಕುಂಡಕ್ಕೆ ಬದಲಾಯಿಸಬೇಕೇ, ಅಥವಾ ಬುಡದವರೆಗೆ ಕತ್ತರಿಸಿ ಹೊಸದಾಗಿ ಚಿಗುರಲು ಬಿಡಬೇಕೇ ಎಂಬುದು ತಿಳಿಯುತ್ತಿಲ್ಲ. ಈ ಬಳ್ಳಿಯನ್ನು ಬೆಳೆಸಿ ಬಲ್ಲವರು ದಯವಿಟ್ಟು ತಿಳಿಸಿ.

ಚಪ್ಪರದಡಿ

ನಿಮ್ಮ ಬಳ್ಳಿಗೆ ರೋಗವಿಲ್ಲ, ಅದು ಹೂ ಬಿಡುವ ವಯಸ್ಸಿಗೆ ಬಂದಿಲ್ಲವೆಂದೂ ಅನುಮಾನಿಸಬೇಕಾಗಿಲ್ಲ. ಬೀಜದಿಂದ ಹುಟ್ಟಿದ ಮಧುಮಾಲತಿ ಮೊದಲು ಪೊದೆಯ ಹಾಗೆ ಕುಳಿತು, ಆಮೇಲೆ ಉದ್ದನೆಯ ಹಂಬುಗಳನ್ನು ಚಾಚಿ, ಹೂವಿಗೆ ತಡ ಮಾಡುತ್ತದೆ. ಆದರೆ ಪುಟ್ಟ ಗಿಡವಾಗಿದ್ದಾಗಲೇ ಗೊಂಚಲು ಹೊತ್ತಿತ್ತೆಂದರೆ ಅದನ್ನು ಬಹುಮಟ್ಟಿಗೆ ಹೂ ಬಿಟ್ಟ ತಾಯಿಬಳ್ಳಿಯ ಕಡ್ಡಿಯಿಂದಲೋ ಗೂಟಿಯಿಂದಲೋ (ತಾಯಿಬಳ್ಳಿಯಲ್ಲಿರುವಾಗಲೇ ಕೊಂಬೆಗೆ ಬೇರು ಬರಿಸಿ ಬೇರ್ಪಡಿಸುವ ಕ್ರಮ) ಮಾಡಿರುತ್ತಾರೆ. ಹಾಗಾಗಿ ಬಳ್ಳಿಗೆ ಹೂ ಬಿಡುವ ಶಕ್ತಿ ಇದೆ, ಅದಕ್ಕೆ ಬೇಕಾದ ಸಂದರ್ಭ ಒದಗಿಲ್ಲ ಎಂದು ತಿಳಿಯುವುದು ಸರಿ.

ಈ ಬಳ್ಳಿಯ ಗೊಂಚಲು ಮೂಡುವುದು ಹಳೆಯ ಕಾಂಡದ ಮೇಲಲ್ಲ. ಆ ಋತುವಿನಲ್ಲಿ ಹೊಸದಾಗಿ ಚಿಗುರಿದ ಕವಲಿನ ತುದಿಯಲ್ಲಿ, ಮತ್ತು ಆ ತುದಿಗೆ ಹತ್ತಿರವಿರುವ ಎಲೆಗಂಕುಳುಗಳಲ್ಲಿ ಮೊಗ್ಗು ಬರುತ್ತದೆ. ಅಂದರೆ ಹೂ ಬೇಕಾದರೆ ಎರಡು ಸಂಗತಿಗಳು ಕೂಡಿಬರಬೇಕು: ಹೊಸ ಕವಲುಗಳು ಸಾಕಷ್ಟು ಹುಟ್ಟಬೇಕು, ಹುಟ್ಟಿದ ಕವಲುಗಳ ತುದಿ ಬಿಸಿಲಿನಲ್ಲಿ ಬಲಿಯುವವರೆಗೆ ಉಳಿಯಬೇಕು. ನಿಮ್ಮ ಬಾಲ್ಕನಿಯಲ್ಲಿ ಒಳಗೋಡೆಯ ಮೇಲಿರುವ ಕುಡಿಗಳಿಗೆ ಬಿಸಿಲು ಸಾಲದು; ಬಿಸಿಲಿರುವ ಕಡೆಗೆ ತಾವಾಗಿಯೇ ಚಾಚಿಕೊಂಡ ಕುಡಿಗಳು, ಅಂದರೆ ಕಟಕಟೆ ದಾಟುವ ಕುಡಿಗಳು, ಕತ್ತರಿಗೆ ಸಿಗುತ್ತಿವೆ. ಹೂ ಬಿಡಬಹುದಾಗಿದ್ದ ಭಾಗ ಅದೇ ಆಗಿತ್ತು. ಬೇರೇನನ್ನೂ ಬದಲಿಸದೆ ಆ ಕುಡಿಗಳನ್ನಷ್ಟೇ ಮುಟ್ಟದೆ ಬಿಟ್ಟರೂ ವ್ಯತ್ಯಾಸ ಕಂಡೀತು ಎಂಬುದು ನನ್ನ ನಂಬಿಕೆ.

ಬಿಸಿಲಿನ ವಿಷಯದಲ್ಲಿ ಮುಲಾಜಿಲ್ಲದೆ ಹೇಳಬೇಕಾಗುತ್ತದೆ. ಮಧುಮಾಲತಿ ಅರೆನೆರಳಿನಲ್ಲಿ ಬದುಕುತ್ತದೆ, ಎಲೆಯನ್ನೂ ಧಾರಾಳವಾಗಿ ಬಿಡುತ್ತದೆ, ಆದರೆ ಗೊಂಚಲು ತುಂಬಿ ಬರಬೇಕಾದರೆ ದಿನಕ್ಕೆ ಐದಾರು ಗಂಟೆಯ ನೇರ ಬಿಸಿಲು ಬೇಕು. ನಿಮ್ಮ ಬಳ್ಳಿಯನ್ನು ಹತ್ತಿರದಿಂದ ನೋಡಿ: ಎಲೆಗಳು ತೀರ ಅಗಲವಾಗಿ, ತೆಳುವಾಗಿ, ಒಂದು ಜೋಡಿ ಎಲೆಯಿಂದ ಮುಂದಿನ ಜೋಡಿಗೆ ಗೇಣಿನಷ್ಟು ಅಂತರವಿದ್ದರೆ ಬಳ್ಳಿ ಬೆಳಕನ್ನು ಹುಡುಕುತ್ತಾ ಉದ್ದಕ್ಕೆ ಎಳೆಯುತ್ತಿದೆ ಎಂದು ಅರ್ಥ. ಬಿಸಿಲಿನಲ್ಲಿ ಬಲಿತ ಕವಲಿನಲ್ಲಿ ಎಲೆ ಅದಕ್ಕಿಂತ ಚಿಕ್ಕದಾಗಿ, ಗಟ್ಟಿಯಾಗಿ, ಗೆಣ್ಣುಗಳು ಒತ್ತೊತ್ತಾಗಿ ಇರುತ್ತವೆ. ಬಲೆಯನ್ನು ಗೋಡೆಯಿಂದ ತೆಗೆದು ಕಟಕಟೆಯ ಉದ್ದಕ್ಕೆ ಅಥವಾ ಬಾಲ್ಕನಿಯ ಹೊರಬದಿಯ ಕಂಬದ ಕಡೆಗೆ ಸಾಗಿಸಲು ಸಾಧ್ಯವಿದ್ದರೆ ಮಾಡಿ. ಬೇರುಗಳು ನೆರಳಿನಲ್ಲಿದ್ದರೆ ತೊಂದರೆಯಿಲ್ಲ, ತುದಿಗಳು ಬಿಸಿಲಿನಲ್ಲಿರಬೇಕು.

ಯೂರಿಯಾವನ್ನು ಈಗಲೇ ನಿಲ್ಲಿಸಿ. ಅದರಲ್ಲಿ ನೂರಕ್ಕೆ 46 ಪಾಲು ಸಾರಜನಕ; ಬೇರೆ ಪೋಷಕಾಂಶ ಯಾವುದೂ ಇಲ್ಲ. ಸಾರಜನಕ ಬೇಕೆಂದಷ್ಟು ಸಿಗುತ್ತಿರುವಾಗ ಬಳ್ಳಿ ಎಲೆ ಮತ್ತು ಕಾಂಡವನ್ನು ಬೆಳೆಸುತ್ತಲೇ ಹೋಗುತ್ತದೆ, ಹೂವಿನ ಕಡೆ ತಿರುಗುವುದಿಲ್ಲ. ಎರಡು ತಿಂಗಳು ಸಗಣಿ ಗೊಬ್ಬರದ ತಿಳಿಯೂ ಬೇಡ, ಕುಂಡದಲ್ಲಿರುವ ಸತ್ತ್ವವೇ ಸಾಕು. ಇನ್ನು ರಂಜಕದ ಪುಡಿಯ ಬಗ್ಗೆ ಕೇಳಿದ್ದೀರಿ. ಮಣ್ಣಿನಲ್ಲಿ ರಂಜಕದ ಕೊರತೆ ಇದ್ದರೆ ಮಾತ್ರ ಅದರಿಂದ ಪ್ರಯೋಜನ; ಗೊಬ್ಬರ ತುಂಬಿದ ಕುಂಡದಲ್ಲಿ ಅಂಥ ಕೊರತೆ ಇರುವುದು ಅಪರೂಪ. ಅತಿಯಾದ ರಂಜಕ ಕಬ್ಬಿಣ ಮತ್ತು ಸತುವನ್ನು ಬೇರು ಹೀರಿಕೊಳ್ಳದಂತೆ ತಡೆಯುತ್ತದೆ, ಆಗ ಎಳೆಯ ಎಲೆಗಳ ನರ ಹಸಿರಾಗಿದ್ದು ನಡುವಿನ ಭಾಗ ಹಳದಿಯಾಗುತ್ತದೆ. ಬಿಸಿಲಿನ ಕೊರತೆಯನ್ನೋ ಕತ್ತರಿಯ ಕೆಲಸವನ್ನೋ ಯಾವ ಪುಡಿಯೂ ಸರಿಪಡಿಸಲಾರದು. ಮೊಗ್ಗು ಕಾಣಿಸಿಕೊಂಡ ಮೇಲೆ ಪೊಟ್ಯಾಶ್ ಸ್ವಲ್ಪ ಹೆಚ್ಚಿರುವ ಗೊಬ್ಬರವನ್ನು ಪೊಟ್ಟಣದ ಮೇಲೆ ಬರೆದ ಪ್ರಮಾಣದ ಅರ್ಧದಷ್ಟು ಕೊಡಬಹುದು.

ಬಿಸಿಲುಮಚ್ಚು

ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಒಂದು ಮಾತನ್ನು ಸೇರಿಸಬೇಕು. ಪ್ರತಿದಿನ ನೀರು ಕೊಡುವುದೂ ಎಲೆ ಹೆಚ್ಚಲು ಕಾರಣ. ನಾನು ಬೋಗನ್‌ವಿಲ್ಲಾ ಬೆಳೆಸುತ್ತೇನೆ; ಎಲೆಗಳು ಸ್ವಲ್ಪ ಬಾಡಿ ಬಾಗುವವರೆಗೆ ನೀರು ನಿಲ್ಲಿಸಿ ಆಮೇಲೆ ಕೊಟ್ಟರೆ ಅದು ಮೈತುಂಬ ಹೂ ಬಿಡುತ್ತದೆ. ಮಧುಮಾಲತಿಗೂ ಹಾಗೆಯೇ ಕೆಲವು ದಿನ ನೀರು ತಪ್ಪಿಸಿ ನೋಡಬಹುದು ಎಂದು ನನ್ನ ಸಲಹೆ.

ಬೇರುಬಲ್ಲವ

ಬೋಗನ್‌ವಿಲ್ಲಾದ ಅನುಭವವನ್ನು ಮಧುಮಾಲತಿಗೆ ಹಾಗೆಯೇ ಅನ್ವಯಿಸುವುದು ಬೇಡವೆಂದು ವಿನಯದಿಂದ ಹೇಳಬಯಸುತ್ತೇನೆ. ಬೋಗನ್‌ವಿಲ್ಲಾ ದಕ್ಷಿಣ ಅಮೆರಿಕದ ಗಿಡ. ಒಣಗಾಲವನ್ನು ತಡೆದುಕೊಂಡು, ಆ ಒತ್ತಡ ಕಳೆದ ಕೂಡಲೇ ಬಣ್ಣ ತುಂಬಿಕೊಳ್ಳುವುದು ಅದರ ಸ್ವಭಾವ. ಅಲ್ಲಿ ನಾವು ಹೂ ಎಂದು ನೋಡುವುದು ಬಹುಪಾಲು ಬಣ್ಣದ ಎಲೆಗಳನ್ನು, ನಿಜವಾದ ಹೂ ನಡುವಿನ ಸಣ್ಣ ಬಿಳಿಯ ಕೊಳವೆ. ಮಧುಮಾಲತಿ ಉಷ್ಣವಲಯದ ಏಷ್ಯಾದ್ದು, ತೇವವಿರುವ ಪೊದೆಗಾಡುಗಳಲ್ಲಿ, ಹೊಳೆದಂಡೆಗಳಲ್ಲಿ ಮರಗಳ ಮೇಲೆ ಹತ್ತಿ ಬೆಳೆಯುವ ಬಳ್ಳಿ. ಬೇರೂರಿದ ಮೇಲೆ ಸ್ವಲ್ಪ ಒಣಗನ್ನು ಸಹಿಸುತ್ತದೆ ನಿಜ, ಆದರೆ ಕುಂಡದಲ್ಲಿ ಬಾಡುವವರೆಗೆ ಕಾಯಿಸಿದರೆ ಕೆಳಗಿನ ಎಲೆಗಳು ಹಳದಿಯಾಗಿ ಉದುರುತ್ತವೆ, ಮೊಗ್ಗು ಮೂಡಿದ್ದರೆ ಅದೂ ಉದುರುತ್ತದೆ. ಒಮ್ಮೆ ಒಣಗಿಸಿ ಒಮ್ಮೆ ತೋಯಿಸುವ ಈ ಏರುಪೇರೇ ಮೊಗ್ಗುದುರಲು ಮುಖ್ಯ ಕಾರಣ.

ಹಾಗೆಂದು ಪ್ರತಿದಿನವೂ ಲೆಕ್ಕವಿಲ್ಲದೆ ನೀರು ಸುರಿಯಬೇಕೆಂದಲ್ಲ. ಬೆರಳನ್ನು ಮಣ್ಣಿನೊಳಗೆ ಎರಡು ಗೆಣ್ಣಿನಷ್ಟು ಇಳಿಸಿ ನೋಡಿ. ತೇವ ತಾಗಿದರೆ ಆ ದಿನ ಬೇಡ, ಒಣಗಿದ್ದರೆ ಕುಂಡದ ತಳದಿಂದ ನೀರು ಹೊರಬರುವವರೆಗೆ ನಿಧಾನವಾಗಿ ಕೊಡಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ. ಬೇಸಿಗೆಯಲ್ಲಿ ಈ ಲೆಕ್ಕ ದಿನಕ್ಕೊಮ್ಮೆಗೆ ಬಂದು ನಿಲ್ಲಬಹುದು, ಮಳೆಯಲ್ಲಿ ವಾರಗಟ್ಟಲೆ ನೀರೇ ಬೇಡವಾಗಬಹುದು.

ಕುಂಡದ ಪ್ರಶ್ನೆಗೆ ಬರುತ್ತೇನೆ. 40 ಸೆಂಟಿಮೀಟರಿನ ಕುಂಡ ಈ ಬಳ್ಳಿಗೆ ಚಿಕ್ಕದೇನಲ್ಲ, ತೀರ ದೊಡ್ಡದೂ ಅಲ್ಲ. ನೆಲದಲ್ಲಿ ನೆಟ್ಟರೆ 8 ಮೀಟರಿಗೂ ಮೀರಿ ಹಬ್ಬುವ ಬಳ್ಳಿ ಇದು, ಕುಂಡದಲ್ಲಿ ಅದನ್ನು ಹಿಡಿತದಲ್ಲಿಡುವುದು ಬೇರಿನ ಜಾಗವೇ. ಈಗ ಇನ್ನೂ ದೊಡ್ಡ ಕುಂಡಕ್ಕೆ ಹೊಸ ಗೊಬ್ಬರದ ಮಣ್ಣು ತುಂಬಿ ಬದಲಾಯಿಸಿದರೆ ಬಳ್ಳಿ ಮೊದಲು ಬೇರನ್ನು ಹರಡಿಕೊಳ್ಳುತ್ತದೆ, ಆಮೇಲೆ ಇನ್ನಷ್ಟು ಎಲೆ ಬಿಡುತ್ತದೆ, ಹೂವಿಗಾಗಿ ನೀವು ಮತ್ತೆ ಕಾಯುತ್ತೀರಿ. ಆದ್ದರಿಂದ ಕಾರಣವಿಲ್ಲದೆ ಬದಲಾಯಿಸಬೇಡಿ. ಕಾರಣವಿದೆಯೇ ಎಂದು ತಿಳಿಯಲು ಕೆಲವು ಗುರುತುಗಳಿವೆ: ಹಾಕಿದ ನೀರು ಮಣ್ಣಿಗಿಳಿಯದೆ ಕುಂಡದ ಅಂಚಿನಿಂದ ಜಾರಿ ಥಟ್ಟನೆ ತಳದಿಂದ ಹೊರಬರುವುದು, ತಳದ ರಂಧ್ರಗಳಿಂದ ಬೇರು ಇಣುಕುವುದು, ಬೆಳಿಗ್ಗೆ ನೀರು ಕೊಟ್ಟರೂ ಮಧ್ಯಾಹ್ನಕ್ಕೆ ಕುಡಿ ಬಾಗುವುದು. ಇವು ಕಂಡರೂ ದೊಡ್ಡ ಕುಂಡವೇ ಆಗಬೇಕೆಂದಿಲ್ಲ. ಬಳ್ಳಿಯನ್ನು ಮೊಟಕುಗೊಳಿಸಿದ ಸಮಯದಲ್ಲಿಯೇ ಮಣ್ಣಿನ ಗಡ್ಡೆಯನ್ನು ಹೊರಗೆ ತೆಗೆದು, ಸುತ್ತಲೂ ಮತ್ತು ತಳದಲ್ಲಿ ಮೂರು ನಾಲ್ಕು ಸೆಂಟಿಮೀಟರಿನಷ್ಟು ಹೆಣೆದುಕೊಂಡ ಬೇರನ್ನು ಚೂಪಾದ ಚಾಕುವಿನಿಂದ ಹೆರೆದು, ಹೊಸ ಮಣ್ಣು ಸೇರಿಸಿ ಅದೇ ಕುಂಡದಲ್ಲಿ ಕೂರಿಸಬಹುದು. ಮೇಲೆ ಎಲೆ ಕಡಿಮೆಯಿರುವಾಗ ಬೇರು ಕಡಿಮೆಯಾದರೂ ಬಳ್ಳಿ ಸೊರಗುವುದಿಲ್ಲ. ಆಮೇಲೆ ಹತ್ತು ಹದಿನೈದು ದಿನ ನೆರಳಿನಲ್ಲಿಟ್ಟು, ಚಿಗುರು ಕಂಡ ಮೇಲೆ ಬಿಸಿಲಿಗೆ ತನ್ನಿ.

ನೆಲದಲ್ಲಿ ನೆಡುವ ಯೋಚನೆ ಯಾರಿಗಾದರೂ ಬಂದರೆ ಒಂದು ಎಚ್ಚರಿಕೆ: ಬೇರಿನಿಂದ ಮರಿಗಿಡಗಳು ಬುಡದಿಂದ ದೂರದಲ್ಲಿ ಕೂಡ ಏಳುತ್ತವೆ, ಉಷ್ಣವಲಯದ ಕೆಲವು ದ್ವೀಪಗಳಲ್ಲಿ ಇದು ತೋಟದಿಂದ ತಪ್ಪಿಸಿಕೊಂಡು ಸುತ್ತಲಿನ ಗಿಡಮರಗಳನ್ನು ಮುಚ್ಚುವ ಕಳೆಯಾಗಿ ಪರಿಣಮಿಸಿದೆ.

ಬಿಸಿಲುಮಚ್ಚು

ಸ್ಪಷ್ಟಪಡಿಸಿದ್ದಕ್ಕೆ ಧನ್ಯವಾದಗಳು. ಹಾಗಾದರೆ ನೀರು ತಪ್ಪಿಸುವ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಪ್ರಶ್ನೆ ಕೇಳಿದವರು ಮೇಲಿನ ಕ್ರಮವನ್ನೇ ಅನುಸರಿಸಲಿ.

ಬಾಲ್ಕನಿತೋಟ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಈ ದಿನ ಬೆಳಿಗ್ಗೆ ಬಳ್ಳಿಯ ಮುಂದೆ ನಿಂತು ನೀವು ಹೇಳಿದಂತೆ ನೋಡಿದೆ. ಬಲೆಯ ಮೇಲಿನ ಕಾಂಡಗಳಲ್ಲಿ ಎಲೆಜೋಡಿಗಳ ನಡುವಿನ ಅಂತರ ನಿಜಕ್ಕೂ ಗೇಣಿನಷ್ಟಿದೆ, ಕಟಕಟೆಯ ಕಡೆಗೆ ಬಂದಿರುವ ಒಂದೆರಡು ಕುಡಿಗಳಲ್ಲಿ ಅದರ ಅರ್ಧವೂ ಇಲ್ಲ. ಕೆಳಗಿನ ಕಾಂಡದಲ್ಲಿ ಎಲೆ ಉದುರಿದ ಜಾಗದಲ್ಲೆಲ್ಲ ಗಟ್ಟಿಯಾದ, ತುಸು ಬಾಗಿದ ಮುಳ್ಳಿನಂಥ ಮೊಳೆಗಳು ಉಳಿದಿವೆ. ಇದು ರೋಗದ ಲಕ್ಷಣವಲ್ಲವಷ್ಟೇ? ಕುಂಡದ ತಳದಲ್ಲಿ ಬೇರು ಕಾಣುತ್ತಿಲ್ಲ, ನೀರು ಸರಿಯಾಗಿ ಇಂಗುತ್ತಿದೆ, ಆದ್ದರಿಂದ ಕುಂಡವನ್ನು ಹಾಗೆಯೇ ಬಿಡುತ್ತೇನೆ.

ಬಲೆಯನ್ನು ಕಟಕಟೆಯ ಕಡೆಗೆ ಸಾಗಿಸಬಹುದು. ಆದರೆ ಚಾವಣಿ ಮುಟ್ಟಿರುವ ನಾಲ್ಕೈದು ಉದ್ದ ಕಾಂಡಗಳನ್ನು ಏನು ಮಾಡಬೇಕು, ಕತ್ತರಿಸುವುದಾದರೆ ಎಲ್ಲಿಗೆ, ಯಾವಾಗ, ಮತ್ತು ಆಮೇಲೆ ಬರುವ ಕುಡಿಗಳನ್ನು ಹೇಗೆ ಹಬ್ಬಿಸಬೇಕು ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಹಂಬುಕಟ್ಟು

ಆ ಮೊಳೆಗಳು ರೋಗವಲ್ಲ. ಎಲೆ ಉದುರುವಾಗ ತೊಟ್ಟಿನ ಬುಡ ಮಾತ್ರ ಕಾಂಡಕ್ಕೆ ಅಂಟಿಕೊಂಡು ಉಳಿದು, ಒಣಗಿ ಗಟ್ಟಿಯಾಗಿ ಕೊಕ್ಕೆಯ ಆಕಾರಕ್ಕೆ ಬರುತ್ತದೆ. ಮಧುಮಾಲತಿಗೆ ದ್ರಾಕ್ಷಿಯಂತೆ ನುಲಿಬಳ್ಳಿಗಳಿಲ್ಲ. ತನ್ನ ಕಾಂಡವನ್ನು ಸುತ್ತಿಕೊಂಡು, ಈ ಕೊಕ್ಕೆಗಳನ್ನು ಪಕ್ಕದ ಕೊಂಬೆಗೆ ಸಿಕ್ಕಿಸಿಕೊಂಡು ಅದು ಮೇಲೇರುತ್ತದೆ. ಬಳ್ಳಿಯನ್ನು ಬಲೆಯಿಂದ ಬಿಡಿಸುವಾಗ ದಪ್ಪನೆಯ ಕೈಗವಸು ಹಾಕಿಕೊಳ್ಳಿ, ಕಾಂಡವನ್ನು ಕೆಳಮುಖವಾಗಿ ಎಳೆಯಬೇಡಿ. ಕೊಕ್ಕೆಗಳು ಇನ್ನಷ್ಟು ಬಿಗಿಯಾಗಿ ಸಿಕ್ಕಿಕೊಂಡು ಕಾಂಡದ ಸಿಪ್ಪೆ ಸುಲಿದುಬರುತ್ತದೆ. ಬಲೆಯನ್ನೇ ಅಲ್ಲಲ್ಲಿ ಕತ್ತರಿಸಿ ತೆಗೆಯುವುದು ಸುಲಭ.

ನೀವು ಕೇಳಿದ್ದರಲ್ಲಿ ಹಬ್ಬಿಸುವ ವಿಷಯವೇ ಎಲ್ಲಕ್ಕಿಂತ ಮುಖ್ಯವೆಂದು ನನಗೆ ತೋರುತ್ತದೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೇರವಾಗಿ ಮೇಲೇರುವ ಕಾಂಡದ ತುದಿಯಲ್ಲಿ ಆಕ್ಸಿನ್ ಎಂಬ ಬೆಳವಣಿಗೆಯ ಹಾರ್ಮೋನು ತಯಾರಾಗಿ ಕೆಳಗಿಳಿಯುತ್ತಿರುತ್ತದೆ. ಅದು ಇಳಿಯುತ್ತಿರುವಷ್ಟು ಕಾಲ ಕೆಳಗಿನ ಎಲೆಗಂಕುಳುಗಳಲ್ಲಿರುವ ಮೊಳಕೆಗಳು ಸುಪ್ತವಾಗಿಯೇ ಉಳಿಯುತ್ತವೆ. ನಿಮ್ಮ ಬಳ್ಳಿ ನೆಟ್ಟಗೆ ಚಾವಣಿಗೆ ಹೋಗಿರುವುದರಿಂದ ಪ್ರತಿಯೊಂದು ಕಾಂಡಕ್ಕೂ ಒಂದೇ ಒಂದು ತುದಿ, ಕವಲುಗಳೇ ಇಲ್ಲ. ಅದೇ ಕಾಂಡವನ್ನು ಅಡ್ಡಕ್ಕೆ ಬಾಗಿಸಿ ಕಟ್ಟಿದರೆ ತುದಿಯ ಹಿಡಿತ ಸಡಿಲವಾಗಿ, ಕಾಂಡದ ಉದ್ದಕ್ಕೂ ಗೆಣ್ಣುಗೆಣ್ಣಿನಲ್ಲಿ ಕವಲುಗಳು ಮೇಲ್ಮುಖವಾಗಿ ಏಳುತ್ತವೆ. ಗೊಂಚಲು ಬರುವುದು ಈ ಕವಲುಗಳ ತುದಿಯಲ್ಲಿ. ಒಂದು ಕಾಂಡಕ್ಕೆ ಒಂದು ತುದಿ ಇದ್ದಲ್ಲಿ ಆರೋ ಎಂಟೋ ತುದಿಗಳಾಗುತ್ತವೆ, ಹೂವಿನ ಅವಕಾಶವೂ ಅಷ್ಟೇ ಪಟ್ಟು ಹೆಚ್ಚುತ್ತದೆ.

ಆದ್ದರಿಂದ ಬಲೆಗೆ ಬದಲಾಗಿ ಕಟಕಟೆಯ ಉದ್ದಕ್ಕೆ, ಒಂದರ ಮೇಲೊಂದರಂತೆ ಸುಮಾರು 30 ಸೆಂಟಿಮೀಟರ್ ಅಂತರದಲ್ಲಿ ಮೂರು ನಾಲ್ಕು ತಂತಿಗಳನ್ನು ಅಡ್ಡವಾಗಿ ಬಿಗಿಯಿರಿ. ತುಕ್ಕು ಹಿಡಿಯದ, ಪ್ಲಾಸ್ಟಿಕ್ ಹೊದಿಕೆಯಿರುವ ದಪ್ಪ ತಂತಿಯಾಗಿರಲಿ. ಮಳೆ ನೀರು ಹೊತ್ತ ಬಲಿತ ಬಳ್ಳಿಯ ಭಾರ ನೋಡಿದವರಿಗೇ ಗೊತ್ತು. ಚಾವಣಿ ಮುಟ್ಟಿದ ಕಾಂಡಗಳಲ್ಲಿ ಬಾಗುವಷ್ಟು ಎಳೆಯವಾದ ಎರಡನ್ನು ಆರಿಸಿಕೊಂಡು, ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ತಂತಿಯ ಮೇಲೆ ಮಲಗಿಸಿ. ಒಂದೇ ಸಲ ಪೂರ್ತಿ ಬಗ್ಗಿಸಬೇಡಿ, ಬಲಿತ ಕಾಂಡ ಸೀಳಿಬಿಡುತ್ತದೆ. ಮೊದಲು ಓರೆಯಾಗಿ ಕಟ್ಟಿ, ಒಂದು ವಾರ ಬಿಟ್ಟು ಇನ್ನಷ್ಟು ಇಳಿಸಿ, ಹೀಗೆ ಹಂತಹಂತವಾಗಿ ಅಡ್ಡಕ್ಕೆ ತನ್ನಿ. ಕಟ್ಟಲು ಹಳೆಯ ಬಟ್ಟೆಯ ಪಟ್ಟಿ ಅಥವಾ ಮೆತ್ತನೆಯ ಹುರಿ ಬಳಸಿ, ಕಾಂಡ ದಪ್ಪವಾಗಲು ಜಾಗವಿರುವಂತೆ ಎಂಟಂಕಿಯ ಆಕಾರದ ಸಡಿಲ ಗಂಟು ಹಾಕಿ. ಹುರಿ ಕಾಂಡದೊಳಗೆ ಕೊರೆದುಕೊಂಡರೆ ಮುಂದಿನ ಭಾಗ ನಿಧಾನವಾಗಿ ಒಣಗುತ್ತದೆ, ಆದ್ದರಿಂದ ಕಟ್ಟುಗಳನ್ನು ಆಗಾಗ ನೋಡಿ ಸಡಿಲಿಸುತ್ತಿರಬೇಕು.

ಉಳಿದ ಉದ್ದ ಕಾಂಡಗಳನ್ನು ಕತ್ತರಿಸಿ, ಆದರೆ ಬುಡಕ್ಕಲ್ಲ. ಮಂಡಿಯೆತ್ತರದಲ್ಲಿ, ಆರೋಗ್ಯವಾಗಿರುವ ಒಂದು ಜೋಡಿ ಎಲೆಯ ಮೇಲ್ಗಡೆ, ಗೆಣ್ಣಿಗಿಂತ ಅರ್ಧ ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ಅಲ್ಲಿಂದ ಎರಡು ಮೂರು ಹೊಸ ಕುಡಿಗಳು ಬರುತ್ತವೆ, ಅವು ಮುಂದಿನ ತಂತಿಗಳನ್ನು ತುಂಬುತ್ತವೆ. ಪೂರ್ತಿ ಬುಡದವರೆಗೆ ಕತ್ತರಿಸಿದರೂ ಮಧುಮಾಲತಿ ಸಾಮಾನ್ಯವಾಗಿ ಸಾಯುವುದಿಲ್ಲ, ಆದರೆ ಆಗ ಚಿಗುರಿ, ಏರಿ, ಕವಲೊಡೆದು ಹೂವಿಗೆ ಬರಲು ಒಂದು ಋತುವೇ ಕಳೆದುಹೋಗಬಹುದು. ಕಾಂಡಗಳೆಲ್ಲ ಬೋಳಾಗಿ, ಒಣಗಿ, ಸಿಕ್ಕುಸಿಕ್ಕಾಗಿ ಹೋದ ಹಳೆಯ ಬಳ್ಳಿಗೆ ಮಾತ್ರ ಅಂಥ ಚಿಕಿತ್ಸೆ.

ಯಾವಾಗ ಎಂದು ಕೇಳಿದ್ದೀರಿ. ಹೂ ಬಿಡುತ್ತಿರುವ ಬಳ್ಳಿಯಾದರೆ ಹೂವಿನ ಸುಗ್ಗಿ ಮುಗಿದ ಕೂಡಲೇ ಕತ್ತರಿಸುವುದು ನಿಯಮ. ನಿಮ್ಮದರಲ್ಲಿ ಮೊಗ್ಗೇ ಇಲ್ಲದ್ದರಿಂದ ಕಳೆದುಕೊಳ್ಳುವುದೇನೂ ಇಲ್ಲ. ಹೊಸ ಚಿಗುರು ಬರುವ ಬೆಚ್ಚನೆಯ ಕಾಲ ಆರಂಭವಾಗುವ ಮುನ್ನ ಈ ಕೆಲಸ ಮುಗಿಸಿ. ಚಳಿ ಹೆಚ್ಚಿರುವಾಗ ಬಳ್ಳಿ ಅರೆನಿದ್ರೆಯಲ್ಲಿರುತ್ತದೆ, ಆಗ ಕತ್ತರಿಸಿದರೆ ಗಾಯ ಮಾಯಲು ತಡವಾಗುತ್ತದೆ. ಹಿಮ ಬೀಳುವ ಪ್ರದೇಶದಲ್ಲಿ ಬೆಳೆಸುವವರು ಕುಂಡವನ್ನು ಒಳಗೆ ತಂದಿಟ್ಟುಕೊಳ್ಳಲೇಬೇಕು.

ಇಷ್ಟಾದ ಮೇಲೆ ಕತ್ತರಿಯನ್ನು ಎತ್ತಿಡಿ. ಕವಲುಗಳು ಎದ್ದು ತೂಗಾಡತೊಡಗಿದಾಗ ಅವನ್ನು ಓರಣ ಮಾಡಬೇಕೆಂದು ಕೈ ತುರಿಸುತ್ತದೆ. ದಯವಿಟ್ಟು ತಡೆದುಕೊಳ್ಳಿ. ಮಧುಮಾಲತಿ ಬೇಲಿಯ ಗಿಡದಂತೆ ಕತ್ತರಿಸಿ ನಿಲ್ಲಿಸುವ ಬಳ್ಳಿಯಲ್ಲ. ಹೊರಕ್ಕೆ ಬಾಗಿ ತೂಗುವ ಆ ಕವಲುಗಳಲ್ಲೇ ಅದರ ಚೆಲುವಿರುವುದು. ದಾರಿಗೆ ಅಡ್ಡ ಬರುವುದನ್ನು ಕತ್ತರಿಸದೆ ತಂತಿಯೊಳಗೆ ತಿರುಗಿಸಿಕೊಳ್ಳಿ.

ಕತ್ತರಿಸಿದ ಕಾಂಡಗಳನ್ನು ಎಸೆಯಬೇಡಿ. ಪೆನ್ಸಿಲ್ ದಪ್ಪದ, ಅರೆಬಲಿತ ಭಾಗದಿಂದ 15 ಸೆಂಟಿಮೀಟರ್ ಉದ್ದದ, ಮೂರು ಗೆಣ್ಣುಗಳಿರುವ ಕಡ್ಡಿಗಳನ್ನು ತೆಗೆದು, ಕೆಳಗಿನ ಎಲೆಗಳನ್ನು ಕಿತ್ತು, ತೇವದ ಮರಳು ಮತ್ತು ನಾರಿನ ಪುಡಿಯ ಮಿಶ್ರಣದಲ್ಲಿ ಎರಡು ಗೆಣ್ಣು ಹೂತುಹೋಗುವಂತೆ ಊರಿ ನೆರಳಿನಲ್ಲಿಡಿ. ಎಲ್ಲವೂ ಬೇರು ಬಿಡುವುದಿಲ್ಲ, ಹಲವನ್ನು ಊರಿದರೆ ಕೆಲವು ಖಂಡಿತ ಹತ್ತುತ್ತವೆ. ಇನ್ನೂ ಖಚಿತವಾದ ದಾರಿ ಬೇಕಾದರೆ, ನೆಲಮಟ್ಟದ ಒಂದು ಎಳೆಯ ಕಾಂಡವನ್ನು ಬಾಗಿಸಿ ಪಕ್ಕದ ಕುಂಡದ ಮಣ್ಣಿನಲ್ಲಿ ಒಂದು ಗೆಣ್ಣನ್ನು ಹೂತು, ಕಲ್ಲು ಹೇರಿ, ಬೇರು ಬಂದ ಮೇಲೆ ತಾಯಿಯಿಂದ ಬೇರ್ಪಡಿಸಿ.

ಬಾಲ್ಕನಿತೋಟ

ಕೊಕ್ಕೆಗಳ ವಿವರಣೆ ಓದಿ ಸಮಾಧಾನವಾಯಿತು. ತಂತಿಗಳನ್ನು ಬಿಗಿದು, ಕಾಂಡಗಳನ್ನು ನೀವು ಹೇಳಿದ ಕ್ರಮದಲ್ಲಿಯೇ ಬಾಗಿಸುತ್ತೇನೆ. ಒಂದು ಕೊನೆಯ ಪ್ರಶ್ನೆ: ಮೊಗ್ಗು ಬಂದದ್ದನ್ನು ಗುರುತಿಸುವುದು ಹೇಗೆ, ಮತ್ತು ಗೊಂಚಲಿನಲ್ಲಿ ಕೆಂಪಾದ ಹೂಗಳು ಬಾಡಿದವೆಂದು ಕೀಳುತ್ತಿರಬೇಕೇ?

ಇಳಿಸಂಜೆ

ಕೆಂಪಾದ ಹೂ ಬಾಡಿದ ಹೂವಲ್ಲ, ಕೀಳಬೇಡಿ. ಈ ಬಳ್ಳಿಯ ಹೂ ಮುಸ್ಸಂಜೆಗೆ ಅರಳುತ್ತದೆ, ಅರಳಿದಾಗ ಬಿಳಿ. ಮರುದಿನ ಗುಲಾಬಿಗೆ ತಿರುಗಿ, ಅದರ ಮುಂದಿನ ದಿನ ಕೆಂಪಾಗುತ್ತದೆ. ಪ್ರತಿ ಸಂಜೆ ಹೊಸವು ಅರಳುತ್ತಿರುವುದರಿಂದ ಒಂದೇ ಗೊಂಚಲಿನಲ್ಲಿ ಮೂರೂ ಬಣ್ಣಗಳು ಕೂಡಿರುತ್ತವೆ. ಹತ್ತಿರದಿಂದ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ: ಆ ಸಂಜೆಯ ಬಿಳಿ ಹೂ ಬಹುಮಟ್ಟಿಗೆ ಅಡ್ಡಕ್ಕೆ ಮುಖ ಮಾಡಿ ನಿಂತಿರುತ್ತದೆ, ಕೆಂಪಾಗುತ್ತಾ ಹೋದಂತೆ ಕೆಳಕ್ಕೆ ಜೋತುಬೀಳುತ್ತದೆ. ಐದು ಎಸಳುಗಳ ಹಿಂದಿರುವ ಹಸಿರು ಕೊಳವೆ 5ರಿಂದ 7 ಸೆಂಟಿಮೀಟರ್ ಉದ್ದವಿದ್ದು, ಮಕರಂದ ಅದರ ತಳದಲ್ಲಿರುತ್ತದೆ. ಉದ್ದ ನಾಲಿಗೆಯ ಪತಂಗಗಳು ಕತ್ತಲಾದ ಮೇಲೆ ಬಿಳಿ ಹೂಗಳನ್ನು ಹುಡುಕಿ ಬರುತ್ತವೆ, ಬಣ್ಣ ತಿರುಗಿದ ಹೂಗಳಿಗೆ ಹಗಲಿನಲ್ಲಿ ಜೇನುನೊಣ, ಚಿಟ್ಟೆಗಳು ಬರುತ್ತವೆ. ಹಾಗಾಗಿ ಬಳ್ಳಿಗೆ ಔಷಧ ಸಿಂಪಡಿಸಬೇಕಾದ ಸಂದರ್ಭ ಬಂದರೆ ಅರಳಿದ ಗೊಂಚಲುಗಳನ್ನು ಬಿಟ್ಟು ಸಿಂಪಡಿಸಿ. ಬಿಳಿ ಹಿಟ್ಟುತಿಗಣೆ ಕಂಡರೆ ಮೊದಲು ನೀರಿನ ರಭಸದಿಂದ ತೊಳೆದು ನೋಡಿ. ಹೋಗದಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಕೆಲವು ಹನಿ ಸೌಮ್ಯವಾದ ಸೋಪುನೀರು ಸೇರಿಸಿ, ಬಿಸಿಲು ಇಳಿದ ಮೇಲೆ ಎಲೆಯ ಅಡಿಗೆ ತಾಗುವಂತೆ ಸಿಂಪಡಿಸಿ.

ಮೊಗ್ಗಿನ ಗುರುತು ಹೀಗೆ: ಕವಲಿನ ತುದಿಯಲ್ಲಿ ಎಲೆಗಳು ಒಮ್ಮೆಲೇ ಚಿಕ್ಕದಾಗುತ್ತಾ ಬಂದು, ಎಲೆ ಬರಬೇಕಾದ ಜಾಗದಲ್ಲಿ ಸಣ್ಣ ಹಸಿರು ಕಡ್ಡಿಗಳು ಗುಂಪಾಗಿ ಕಾಣಿಸುತ್ತವೆ. ಅವು ದಿನದಿನಕ್ಕೆ ಉದ್ದವಾಗಿ, ತುದಿ ತುಸು ಉಬ್ಬಿ, ಕೊನೆಗೆ ನಸುಗೆಂಪು ತಳೆದ ಮೊಗ್ಗುಗಳಾಗುತ್ತವೆ. ಈ ಹಂತದಲ್ಲಿ ಕುಂಡವನ್ನು ತಿರುಗಿಸುವುದಾಗಲಿ, ಜಾಗ ಬದಲಿಸುವುದಾಗಲಿ ಬೇಡ, ನೀರಿನ ಹದವನ್ನೂ ತಪ್ಪಿಸಬೇಡಿ.

ನೀವು ಮುಂದೆ ಪುಸ್ತಕಗಳಲ್ಲಿ ಹುಡುಕುವವರಾದರೆ ಎರಡು ಸಸ್ಯನಾಮಗಳನ್ನು ನೆನಪಿಟ್ಟುಕೊಳ್ಳಿ. ಲಿನೇಯಸ್ 1762ರಲ್ಲಿ ಕೊಟ್ಟ ಕ್ವಿಸ್ಕ್ವಾಲಿಸ್ ಇಂಡಿಕಾ ಎಂಬುದು ಹಳೆಯ ಪುಸ್ತಕಗಳಲ್ಲಿ ಸಿಗುತ್ತದೆ, ಈಗ ಬಳಕೆಯಲ್ಲಿರುವುದು ಕಾಂಬ್ರಿಟಮ್ ಇಂಡಿಕಮ್. ಹೆಸರಿನಲ್ಲಿ ಮಲ್ಲಿಗೆ ಸೇರಿಸಿ ಕರೆಯುವವರಿದ್ದರೂ ಇದು ಮಲ್ಲಿಗೆಯ ನೆಂಟನಲ್ಲ, ಅಳಲೆ, ತಾರೆ, ಮತ್ತಿ ಮರಗಳ ಕುಟುಂಬಕ್ಕೆ ಸೇರಿದ ಬಳ್ಳಿ. ಮಲ್ಲಿಗೆಗೆ ಮಾಡುವಂತೆ ಎಲೆಯನ್ನೆಲ್ಲ ಸವರಿ ಹೂ ಬರಿಸುವ ಉಪಾಯವನ್ನು ಇದರ ಮೇಲೆ ಪ್ರಯೋಗಿಸಬೇಡಿ.

ಗೊಂಚಲಿನ ಕೊನೆಯ ಹೂವೂ ಉದುರಿದ ಮೇಲೆ, ಗೊಂಚಲಿನ ಬುಡದ ಕೆಳಗಿರುವ ಮೊದಲ ಎಲೆಜೋಡಿಯವರೆಗೆ ಕವಲನ್ನು ಕತ್ತರಿಸಿ. ಆ ಎಲೆಗಂಕುಳುಗಳಿಂದ ಮತ್ತೆರಡು ಕವಲುಗಳು ಎದ್ದು ಅದೇ ಋತುವಿನಲ್ಲಿ ಇನ್ನೊಂದು ಸುತ್ತು ಹೂ ಬರುವ ಸಾಧ್ಯತೆಯಿದೆ. ಒಂದೇ ಪದರದ ಎಸಳಿರುವ ತಳಿಯಲ್ಲಿ ಕೆಲವೊಮ್ಮೆ ಐದು ಏಣಿರುವ ಉದ್ದನೆಯ ಕಾಯಿ ಕಟ್ಟುತ್ತದೆ. ಅದರ ಬೀಜವನ್ನು ಜಂತುಹುಳುವಿಗೆ ಔಷಧವಾಗಿ ಏಷ್ಯಾದ ಹಲವೆಡೆ ಬಳಸಿದ್ದಾರೆ, ಆದರೆ ಹೆಚ್ಚಾಗಿ ತಿಂದರೆ ವಾಕರಿಕೆ, ಬಿಕ್ಕಳಿಕೆ ಬರುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಕಾಯಿ ಕಂಡ ಕೂಡಲೇ ಕಿತ್ತುಬಿಡಿ.